ಎಸಿ ಪಂಪು ಉಕ್ಕಿ ಗೋಡೆ ಮೇಲೆ ನೀರು ಇಳೀತಾ ಇದ್ಯಾ? ಹೊಸ ಪಂಪು ತರೋ ಮುಂಚೆ ಒಂದು ಚೊಂಬು ನೀರು ತನ್ನಿ

ಮೇ ತಿಂಗಳ ಕೊನೇ ವಾರ, ರಾತ್ರಿ ಎರಡು ಗಂಟೆ ಆಗಿರಬಹುದು, ಎಚ್ಚರ ಆದ್ರೆ ಕಾಲಿನ ಹತ್ರ ಹಾಸಿಗೆ ಒದ್ದೆ. ಮೊದ್ಲು ಮಗನದ್ದೇ ಕೆಲಸ ಅಂದ್ಕೊಂಡೆ, ಪಾಪ ಅವನು ಆಚೆ ತುದೀಲಿ ಒಣ ಚಡ್ಡೀಲೇ ಮಲಗಿದ್ದ. ಲೈಟ್ ಹಾಕಿ ನೋಡಿದ್ರೆ ಎಸಿಯಿಂದ ಇಳಿಯೋ ನೀರನ್ನ ಎತ್ತಿ ಹೊರಗೆ ಹಾಕೋಕೆ ಅಂತ ಕೆಳಗೆ ಇಟ್ಟಿರೋ ಪಂಪಿನ ಡಬ್ಬಿ ತುಂಬಿ ನೀರು ಗೋಡೆ ಹಿಡ್ಕೊಂಡು ಇಳೀತಾ ಇದೆ, ಕಪಾಟಿನ ಹಿಂದೆ ಹೋಗಿ ಅಲ್ಲಿಂದ ಹಾಸಿಗೆಗೆ. ಮಾರನೇ ದಿನ ಅಂಗಡಿಯವ ನೋಡ್ಲೂ ಇಲ್ಲ, ಫೋನಲ್ಲೇ "ಪಂಪು ಹೋಯ್ತು ಅಣ್ಣಾ, ಹೊಸದು ಹಾಕ್ಸಿ" ಅಂದ. ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ಹಾಕಿಸ್ದೆ. ಮೂರನೇ ದಿನಕ್ಕೆ ಹೊಸ ಪಂಪೂ ಹಾಗೇ ಉಕ್ಕಿತು.

ಕಾರಣ ಸಿಕ್ಕಿದ್ದು ಅಟ್ಟದ ಮೇಲೆ. ಮಳೆಗಾಲಕ್ಕೆ ಅಂತ ಆಯಿ ತೆಂಗಿನಕಾಯಿ ಮೂಟೆ ಮೇಲೆ ಏರಿಸಿದ್ರು, ಆ ಮೂಟೆ ಸರಿಯಾಗಿ ಪಂಪಿನ ಸಣ್ಣ ಪೈಪಿನ ಮೇಲೇ ಕೂತಿತ್ತು. ಒಳಗಿನ ದಾರಿ 6 ಮಿಲಿಮೀಟರ್, ಬೆರಳಲ್ಲಿ ಒತ್ತಿದ್ರೆ ಮುಚ್ಚಿ ಹೋಗೋ ಪೈಪು, ಅದ್ರ ಮೇಲೆ ಅರ್ಧ ಕ್ವಿಂಟಾಲ್ ಕಾಯಿ! ಮೂಟೆ ಸರಿಸಿ ಹಳೇ ಪಂಪನ್ನೇ ಮತ್ತೆ ಜೋಡಿಸಿ ನೋಡ್ದೆ, ಚೆನ್ನಾಗಿಯೇ ನೀರು ಎತ್ತಿ ಒಗೀತು. ಆಮೇಲೆ ಅಕ್ಕಪಕ್ಕದ ನಾಲ್ಕೈದು ಮನೇಲಿ ಇದೇ ತೊಂದ್ರೆ ನೋಡಿದ್ದೇನೆ, ಒಂದೇ ಒಂದು ಕಡೆ ಮಾತ್ರ ಪಂಪು ನಿಜವಾಗ್ಲೂ ಸುಟ್ಟಿತ್ತು. ಅದಕ್ಕೇ ಇಷ್ಟು ಉದ್ದ ಬರೀತಾ ಇರೋದು.

ಪಂಪು ಇರೋದು ಎಂತಕ್ಕೆ

ತುಂಬಾ ಮನೆಗೆ ಇದು ಬೇಕಾಗೋದೇ ಇಲ್ಲ. ಎಸಿ ಹೊರಗೋಡೆ ಮೇಲೆ ಇದ್ರೆ ತೂತು ಕೊರೆದು ಪೈಪ್ ಹಾಕಿದ್ರೆ ಆಯ್ತು, ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಸಿಕ್ಕಿದ್ರೂ ನೀರು ತನ್ನಷ್ಟಕ್ಕೆ ಹೋಗ್ತದೆ. ಆ ದಾರಿ ಇದ್ದವ್ರು ಪಂಪಿನ ಸಹವಾಸಕ್ಕೇ ಹೋಗ್ಬೇಡಿ. ನಮ್ಮ ಮನೆ ಕಾರವಾರದ ಕೋಡಿಬಾಗ ಕಡೆ, ಹಳೇ ಮನೆ, ಚಿರೆಕಲ್ಲಿನ ದಪ್ಪ ಗೋಡೆ, ಮಲಗೋ ಕೋಣೆ ಸರೀ ಮಧ್ಯದಲ್ಲಿ. ನೀರು ಮೊದ್ಲು ಅಟ್ಟಕ್ಕೆ ಏರಿ, ಅಲ್ಲಿಂದ ಅಡ್ಡ ಹೋಗಿ, ಬಚ್ಚಲಿಗೆ ಇಳೀಬೇಕು. ಏರಿಸೋಕೆ ಪಂಪು ಬೇಕೇ ಬೇಕು.

ಇನ್ನು ನೀರಿನ ಲೆಕ್ಕ. ಗಾಳೀಲಿ 30 ಡಿಗ್ರಿ ಸೆಕೆ, ನೂರಕ್ಕೆ 80ರಷ್ಟು ತೇವ ಇದ್ರೆ (ಕರಾವಳಿಗೆ ಇದೇನು ದೊಡ್ಡ ವಿಷಯ ಅಲ್ಲ) ಸುಮಾರು 26 ಡಿಗ್ರಿಗಿಂತ ತಣ್ಣಗಿರೋ ಯಾವ ವಸ್ತು ಮೇಲಾದ್ರೂ ನೀರು ಕೂರ್ತದೆ. ಎಸಿ ಒಳಗಿನ ಕಾಯಿಲ್ ಅದಕ್ಕಿಂತ ಎಷ್ಟೋ ತಣ್ಣಗೆ. ಹಾಗಾಗಿ ಒಂದೂವರೆ ಟನ್ನಿನ ಎಸಿ ನಮ್ಮಲ್ಲಿ ಗಂಟೆಗೆ ಒಂದೆರಡು ಲೀಟರ್ ನೀರು ಇಳಿಸ್ತದೆ. ನಾನು ಪೈಪ್ ಬಾಲ್ದಿಗೆ ಬಿಟ್ಟು ನೋಡಿದ್ದೇನೆ, ರಾತ್ರಿ ಹತ್ತಕ್ಕೆ ಹಾಕಿ ಬೆಳಿಗ್ಗೆ ಆರಕ್ಕೆ ಎದ್ರೆ 15 ಲೀಟರಿನ ಬಾಲ್ದಿ ಕಂಠದವರೆಗೆ. ಒಣ ಹವೆ ಇರೋ ಬಯಲುಸೀಮೆ ಊರಲ್ಲಿ ಅದೇ ಎಸಿ ಇದ್ರ ಕಾಲು ಭಾಗ ಕೊಟ್ರೆ ಹೆಚ್ಚು, ಅಲ್ಲಿಯವ್ರು ಮಾಡಿದ ವಿಡಿಯೋ ನೋಡಿ "ವರ್ಷಕ್ಕೊಮ್ಮೆ ಕ್ಲೀನ್ ಮಾಡಿದ್ರೆ ಸಾಕು" ಅಂತ ನಂಬಿದ್ರೆ ನಮ್ಮ ಕತೆ ಮುಗೀತು.

ಪಂಪಲ್ಲಿ ಎರಡು ಜಾತಿ. ಒಂದು ಟ್ಯಾಂಕಿನದ್ದು, ಒಂದೆರಡು ಲೀಟರಿನ ಡಬ್ಬಿ, ಮೋಟಾರು ಅದ್ರ ತಲೆ ಮೇಲೇ ಕೂತಿರ್ತದೆ. ಇನ್ನೊಂದು ಮಿನಿ ಪಂಪು, ಸೋಪಿನ ಪೆಟ್ಟಿಗೆಯಷ್ಟು ಸಣ್ಣ ಡಬ್ಬೀಲಿ ಫ್ಲೋಟ್ (ನೀರಿನ ಜೊತೆ ಏರಿ ಇಳಿಯೋ ತೇಲುವ ತುಂಡು), ಪಂಪು ಬೇರೆ ಕಡೆ, ಮಧ್ಯೆ ಒಂದು ವೈರು ಒಂದು ಸಣ್ಣ ಪೈಪು. ಎರಡರ ಬುದ್ಧಿಯೂ ಒಂದೇ. ಫ್ಲೋಟ್ ಒಂದು ಮಟ್ಟಕ್ಕೆ ಏರಿದ್ರೆ ಪಂಪು ಶುರು, ಕೆಳಗೆ ಇಳಿದ್ರೆ ಬಂದ್, ಪಂಪು ಸೋತು ನೀರು ಇನ್ನೂ ಮೇಲೆ ಏರಿದ್ರೆ ಮೂರನೇ ಮಟ್ಟದಲ್ಲಿ ಒಂದು ಅಲಾರಂ ಸ್ವಿಚ್ಚು. ಈ ಮೂರನೇದನ್ನ ನೆನಪಿಟ್ಕೊಳ್ಳಿ, ಕೊನೇಲಿ ಅದ್ರ ಹತ್ರ ಬರ್ತೇನೆ. ಸೀಲಿಂಗಿನ ಕ್ಯಾಸೆಟ್ ಎಸಿ ಆದ್ರೆ ಪಂಪು ಒಳಗೇ ಇರ್ತದೆ, ಅದನ್ನ ನೀವೇ ಬಿಚ್ಚೋಕೆ ಹೋಗ್ಬೇಡಿ.

ಮೊದ್ಲು ಕರೆಂಟು

ನೀರು ಕಂಡ ಕೂಡ್ಲೇ ರಿಮೋಟಲ್ಲಿ ಆಫ್ ಮಾಡಿ ಸುಮ್ನೆ ಕೂರೋದಲ್ಲ, ಎಸಿಯ ಎಂಸಿಬಿ (ಬೋರ್ಡಲ್ಲಿ ಎಸಿಗೆ ಅಂತಲೇ ಇರೋ ಸುರಕ್ಷತೆ ಸ್ವಿಚ್ಚು) ಇಳಿಸಿ. ಪಂಪಿಗೆ ಬೇರೆ ಪ್ಲಗ್ ಇದ್ರೆ ಅದನ್ನೂ ತೆಗೀರಿ, ಆದ್ರೆ ಪ್ಲಗ್ ಪಾಯಿಂಟಿನ ಮೇಲೇ ನೀರು ಇಳಿದಿದ್ರೆ ಕೈ ಹಾಕ್ಬೇಡಿ, ಮೀಟರ್ ಬೋರ್ಡಿಂದಲೇ ಮೇನ್ ತೆಗೀರಿ. ಕೆಳಗೆ ಬಾಲ್ದಿ ಇಡಿ, ಹಳೇ ಟವೆಲ್ ಹಾಸಿ. ಎಸಿ ಆಫ್ ಆದ್ಮೇಲೂ ಕಾಯಿಲ್ ಮೇಲಿರೋ ನೀರು ಹತ್ತು ಹದಿನೈದು ನಿಮಿಷ ಇಳೀತಾನೇ ಇರ್ತದೆ, ಗಾಬರಿ ಬೇಡ.

ನೀರು ಪಂಪಿಂದೇ ಬಂದಿದ್ದು ಹೌದಾ

ಇದನ್ನ ಯಾರೂ ನೋಡೋದಿಲ್ಲ. ಎಲ್ಲಾ ಒರೆಸಿ ಒಣಗಿಸಿ, ಟಿಶ್ಯೂ ಪೇಪರ್ ತುಂಡು ಮಾಡಿ ಮೂರು ಕಡೆ ಅಂಟಿಸಿ: ಇಂಡೋರ್ ಯೂನಿಟ್ಟಿನ ಕೆಳ ಅಂಚಿಗೆ, ಪಂಪಿನ ಡಬ್ಬಿ ಬುಡಕ್ಕೆ, ತಾಮ್ರದ ಪೈಪಿನ ಕಪ್ಪು ಹೊದಿಕೆಗೆ. ಹಾಸಿಗೆ ಪಕ್ಕಕ್ಕೆ ಸರಿಸಿ ಅರ್ಧ ಗಂಟೆ ಎಸಿ ಹಾಕಿ ಕಣ್ಣಿಟ್ಟು ಕೂತ್ಕೊಳ್ಳಿ, ಯಾವುದು ಮೊದ್ಲು ಒದ್ದೆ ಆಗ್ತದೆ ನೋಡಿ.

ಹೊದಿಕೆಯ ಪೇಪರ್ ಒದ್ದೆ ಆದ್ರೆ ಪಂಪಿಗೂ ಇದಕ್ಕೂ ಸಂಬಂಧ ಇಲ್ಲ, ಹೊದಿಕೆ ಎಲ್ಲೋ ಹರಿದಿದೆ, ತಣ್ಣಗಿನ ತಾಮ್ರ ಬೆವರ್ತಾ ಇದೆ. ಹೊಸ ಹೊದಿಕೆ ಸುತ್ತಿ ಟೇಪ್ ಹಾಕಿ, ಮುಗೀತು. ಯೂನಿಟ್ಟಿನ ಅಂಚಿನದ್ದು ಮೊದ್ಲು ಒದ್ದೆ ಆಗಿ ಪಂಪಿನ ಡಬ್ಬಿ ಖಾಲಿ ಇದ್ರೆ ನೀರು ಪಂಪಿನವರೆಗೆ ಬರ್ತಾನೇ ಇಲ್ಲ, ಒಳಗಿನ ಟ್ರೇ ಬಾಯಿ ಕಟ್ಟಿದೆ ಅಥವಾ ಯೂನಿಟ್ಟು ಉಲ್ಟಾ ಕಡೆ ವಾಲಿದೆ, ರಸಮಟ್ಟ ಇಟ್ಟು ನೋಡಿ. ಕಾಯಿಲ್ ಮೇಲೆ ಬಿಳೀ ಐಸ್ ಕಟ್ಟಿದ್ರೆ ಅದು ಬೇರೆಯೇ ಕಾಯಿಲೆ, ಫಿಲ್ಟರ್ ತುಂಬಾ ಕೊಳೆ ಆಗಿರ್ಬಹುದು ಇಲ್ಲಾ ಗ್ಯಾಸ್ ಕಮ್ಮಿ ಆಗಿರ್ಬಹುದು. ಆ ಐಸ್ ಒಂದೇ ಸಲ ಕರಗಿದಾಗ ಎಂಥ ಪಂಪು ಇದ್ರೂ ಉಕ್ಕೋದೇ. ಫಿಲ್ಟರ್ ತೊಳೆದ್ರೂ ಐಸ್ ಬಂದ್ರೆ ಎಸಿಯವನನ್ನ ಕರೀರಿ.

ಡಬ್ಬಿ ಬುಡದ್ದೇ ಒದ್ದೆ ಆಯ್ತಾ, ಹಾಗಿದ್ರೆ ಮುಂದೆ ಓದಿ.

ಚೊಂಬಿನ ಪರೀಕ್ಷೆ

ಎಸಿ ಬಂದ್, ಪಂಪಿಗೆ ಮಾತ್ರ ಕರೆಂಟು. ಎರಡೂ ಒಂದೇ ಲೈನಲ್ಲಿದ್ರೆ ಎಸಿಯನ್ನ ರಿಮೋಟಲ್ಲಿ ಆಫ್ ಇಟ್ಟು, ಯೂನಿಟ್ ಒಳಗೆ ಕೈ ಹಾಕ್ದೆ, ನೀರನ್ನ ಪಂಪಿನ ಡಬ್ಬಿಗೆ ಹೋಗೋ ಪೈಪಲ್ಲಿ ಮಾತ್ರ ಬಿಡಿ. ಟ್ಯಾಂಕ್ ಪಂಪಾದ್ರೆ ಚೊಂಬಿಂದ ನಿಧಾನಕ್ಕೆ ಸುರೀರಿ, ಮಿನಿ ಪಂಪಾದ್ರೆ ಅದ್ರ ಡಬ್ಬಿ ತೀರಾ ಸಣ್ಣದು, ಮೆಡಿಕಲ್ ಅಂಗಡೀಲಿ ಸಿಗೋ 50 ಎಂಎಲ್ ಸಿರಿಂಜಲ್ಲಿ ಸ್ವಲ್ಪ ಸ್ವಲ್ಪ ಬಿಡಿ. ಈ ಸಿರಿಂಜು ಒಂದು ತಂದಿಟ್ಕೊಳ್ಳಿ ಮಾರಾಯ್ರೆ, ಪೂರ್ತಿ ಕೆಲಸಕ್ಕೆ ಇದಕ್ಕಿಂತ ಒಳ್ಳೇ ಹತಾರ ಇಲ್ಲ. ಈಗ ಕಿವಿ ಕೊಡಿ. ಪಂಪು ಸದ್ದೇ ಮಾಡ್ಲಿಲ್ವಾ, ಸದ್ದು ಬಂದೂ ನೀರು ಹೋಗ್ಲಿಲ್ವಾ, ಅಥವಾ ನೀರು ಹೋಗಿ ಮತ್ತೆ ವಾಪಸ್ ಬಂತಾ? ಇಷ್ಟು ಗೊತ್ತಾದ್ರೆ ಅರ್ಧ ರಿಪೇರಿ ಆದ ಹಾಗೆ.

ಸದ್ದೇ ಇಲ್ಲ ಅಂದ್ರೆ

ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ನಗ್ಬೇಡಿ, ನಮ್ಮ ಮನೇಲೇ ಒಂದ್ಸಲ ಆಗಿದ್ದು ಇದು: ಪಂಪಿನ ಸ್ವಿಚ್ಚಿನ ಕೆಂಪು ದೀಪ ಹಗಲೂ ರಾತ್ರಿ ಸುಮ್ನೆ ಉರೀತದೆ ಅಂತ ಆಯಿ ಆಫ್ ಮಾಡಿ ಹೋಗಿದ್ರು. ಕೆಲವು ಪಂಪಿನ ವೈರಲ್ಲೇ ಸಣ್ಣ ಫ್ಯೂಸ್ ಇರ್ತದೆ, ಅದನ್ನೂ ನೋಡಿ. ಸಮುದ್ರದ ಹತ್ರ ಇರೋವ್ರು ಕನೆಕ್ಟರ್ ಪಿನ್ನು ಎಳೆದು ನೋಡಿ (ಕರೆಂಟ್ ತೆಗೆದು!), ಉಪ್ಪು ಗಾಳಿಗೆ ಹಸಿರು ಕಿಲುಬು ಹಿಡಿದಿರ್ತದೆ, ಒಣ ಬ್ರಷ್ಷಲ್ಲಿ ಉಜ್ಜಿ ಮತ್ತೆ ಗಟ್ಟಿ ಹಾಕಿ.

ಕರೆಂಟು ಸರಿ ಇದ್ರೆ ಫ್ಲೋಟ್. ಡಬ್ಬಿ ಮುಚ್ಚಳ ತೆಗೆದು ಒಣ ಕಡ್ಡೀಲಿ ಫ್ಲೋಟ್ ಮೇಲಕ್ಕೆ ಎತ್ತಿ, ಪಂಪು ಗುರ್ ಅಂದ್ರೆ ಮೋಟಾರು ಚೆನ್ನಾಗಿದೆ, ಫ್ಲೋಟ್ ಲೋಳೇಲಿ ಸಿಕ್ಕಿಬಿದ್ದಿತ್ತು ಅಷ್ಟೇ. ಆ ಲೋಳೆ ನೋಡಿದವ್ರಿಗೆ ಗೊತ್ತು, ಬೆಂಡೆಕಾಯಿ ಗೊಜ್ಜಿನ ಹಾಗೆ, ಬಣ್ಣ ಕಂದು, ಒಮ್ಮೊಮ್ಮೆ ಕಪ್ಪು. ಗಾಳಿಯ ಧೂಳು, ಬಟ್ಟೆ ನೂಲು, ಚಿರೆಕಲ್ಲಿನ ಕೆಂಪು ಹುಡಿ ಎಲ್ಲಾ ಕಾಯಿಲ್ ಮೇಲೆ ತೊಳೆದು ಬಂದು ಸದಾ ಒದ್ದೆ ಇರೋ ಡಬ್ಬೀಲಿ ಬ್ಯಾಕ್ಟೀರಿಯಾ ಬೆಳೆದು ಆಗೋದು ಇದು. ಚಳಿಗಾಲದಲ್ಲಿ ಮೂರು ತಿಂಗಳು ಎಸಿ ಹಾಕ್ದೇ ಇದ್ರೆ ಒಣಗಿ ಹಪ್ಪಳದ ಹಾಗೆ ಏಳ್ತದೆ, ಮಾರ್ಚಲ್ಲಿ ಮೊದಲ ನೀರು ಬಿದ್ದಾಗ ಆ ಚೂರು ತೇಲ್ಕೊಂಡು ಹೋಗಿ ಪಂಪಿನ ಬಾಯಿಗೆ ಸಿಕ್ಕಿಬೀಳ್ತದೆ.

ಮಿನಿ ಪಂಪಿನ ಫ್ಲೋಟ್ ತೆಗೆಯೋ ಮುಂಚೆ ಒಂದು ಫೋಟೋ ತೆಗೀರಿ. ಅದ್ರೊಳಗೆ ಪುಟ್ಟ ಅಯಸ್ಕಾಂತ ಇರ್ತದೆ, ತೊಳೆದು ಉಲ್ಟಾ ಹಾಕಿದ್ರೆ ಸೆನ್ಸರಿಗೆ ಫ್ಲೋಟ್ ಕಾಣೋದೇ ಇಲ್ಲ, ಪಂಪು ಸತ್ತ ಹಾಗೆ ಬಿದ್ಕೊಂಡಿರ್ತದೆ, ನೀವು ಹೊಸದಕ್ಕೆ ಓಡ್ತೀರಿ. ಡಬ್ಬಿ ಸಮ ಕೂತಿದ್ಯಾ ಅದನ್ನೂ ನೋಡಿ, ವಾಲಿದ್ರೆ ಫ್ಲೋಟ್ ಗೋಡೆಗೆ ಒರಗಿ ಏಳೋದಿಲ್ಲ.

ಕಡ್ಡೀಲಿ ಎತ್ತಿದ್ರೂ ಸದ್ದಿಲ್ಲ, ಪ್ಲಗ್ಗಲ್ಲಿ ಕರೆಂಟು ಇದೆ, ಫ್ಯೂಸ್ ಸರಿ, ಫ್ಲೋಟ್ ಸರಿ, ಆಗ ಮಾತ್ರ ಪಂಪು ಹೋಗಿದೆ ಅನ್ನಿ.

ಸದ್ದು ಇದೆ, ನೀರು ಹೋಗ್ತಾ ಇಲ್ಲ

ನಮ್ಮ ಮನೆ ಕತೆ ಇದೇ. ಹೊರಹೋಗೋ ಪೈಪನ್ನ ಪಂಪಿಂದ ಬಿಡಿಸಿ, ಅದ್ರ ಜಾಗಕ್ಕೆ ಒಂದು ಅಡಿ ಉದ್ದದ ಬೇರೆ ಪೈಪ್ ತುಂಡು ಹಾಕಿ ಬಾಲ್ದಿಗೆ ಬಿಡಿ, ಮತ್ತೆ ನೀರು ಸುರೀರಿ. ಬಾಲ್ದಿಗೆ ಜೋರಾಗಿ ಬಂತು ಅಂದ್ರೆ ಪಂಪು ನಿರಪರಾಧಿ, ತಪ್ಪು ಪೈಪಿನದ್ದು. ನಾನು ಇದೊಂದು ಮಾಡಿದ್ದಿದ್ರೆ ನಾಲ್ಕು ಸಾವಿರ ಉಳೀತಿತ್ತು.

ಈಗ ಪೈಪನ್ನ ತುದಿಯಿಂದ ತುದಿವರೆಗೆ ಕೈಯಲ್ಲಿ ಮುಟ್ಕೊಂಡು ಹೋಗಿ, ಕಣ್ಣಲ್ಲಿ ನೋಡಿದ್ರೆ ಸಾಲ್ದು. ಎಲ್ಲಿ ಮಡಚಿದೆ, ಎಲ್ಲಿ ಕೇಬಲ್ ಟೈ ಬಿಗಿಯಾಗಿ ಕುತ್ತಿಗೆ ಹಿಸುಕಿದೆ, ಅಟ್ಟದ ಮೇಲೆ ಎಂತ ಕೂತಿದೆ. ಬಿಸಿಲಿಗೆ ಬೀಳೋ ಕಡೆ ಪಾರದರ್ಶಕ ಪೈಪ್ ಇದ್ರೆ ಒಳಗೆ ಹಸಿರು ಪಾಚಿ ಕಟ್ಟಿರ್ತದೆ, ಅದನ್ನ ತೊಳೆಯೋದಕ್ಕಿಂತ ಬದಲಿಸೋದೇ ಸುಲಭ, ಮೀಟರ್ ಲೆಕ್ಕದಲ್ಲಿ ಸಿಗ್ತದೆ, ಬಿಸಿಲಿನ ಕಡೆಗೆ ಕಪ್ಪು ಪೈಪ್ ಹಾಕಿ. ಪೈಪಿನ ಹೊರ ತುದಿ ಮರೀಬೇಡಿ. ಮಣ್ಣಿನ ಗೂಡು ಕಟ್ಟೋ ಕಣಜಕ್ಕೆ ಈ ಅಳತೆ ತೂತು ಅಂದ್ರೆ ಭಾರೀ ಪ್ರೀತಿ, ಗಾರೆ ಮೆತ್ತಿದ ಹಾಗೆ ಮುಚ್ಚಿ ಹೋಗಿರ್ತದೆ. ತುದಿ ಬಚ್ಚಲಿನ ನೀರೊಳಗೆ ಮುಳುಗಿರ್ಬಾರ್ದು, ಎರಡು ಮೂರು ಇಂಚು ಮೇಲಿರ್ಲಿ. ಕೆಲವ್ರು ಮಾಡಿನ ಮಳೆ ನೀರಿನ ಪೈಪಿಗೇ ತೂತು ಮಾಡಿ ಇದನ್ನ ತುರುಕಿರ್ತಾರೆ, ಮೇ ತನಕ ಏನೂ ತೊಂದ್ರೆ ಇಲ್ಲ, ಜೂನ್ ಮಳೆ ಹೊಡೆದಾಗ ಆ ಪೈಪು ಎಲೆ ಕಸ ಸಮೇತ ತುಂಬಿ ಹರಿದ್ರೆ ನಿಮ್ಮ ಪಂಪಿಗೆ ಜಾಗ ಎಲ್ಲಿ? ಬೇರೆ ಮಾಡ್ಸಿ.

ಕಟ್ಟಿದ ಪೈಪನ್ನ ಬಿಡಿಸೋಕೆ ಸಿರಿಂಜಲ್ಲಿ ಬೆಚ್ಚಗಿನ ನೀರು ಒತ್ತಿ ಬಿಡಿ. ಸೈಕಲ್ ಪಂಪಿಂದ ಗಾಳಿ ಹೊಡೀಬಹುದು, ಆದ್ರೆ ಪೈಪು ಪಂಪಿಂದ ಬಿಚ್ಚಿರ್ಬೇಕು, ಇಲ್ಲಾಂದ್ರೆ ಗಾಳಿ ಒಳಗೆ ಹೋಗಿ ವಾಲ್ವ್ ಹಾಳಾಗ್ತದೆ. ಬಾಯಿಂದ ಊದ್ಬೇಡಿ, ಆ ಲೋಳೆ ವಾಪಸ್ ಬಾಯಿಗೆ ಬಂದ ಮೇಲೆ ಎರಡು ದಿನ ಊಟ ಸೇರೋದಿಲ್ಲ.

ಬಾಲ್ದಿಗೂ ನೀರು ಬರ್ಲಿಲ್ಲ, ಪಂಪು ಗೊರ್ರ್ ಅಂತ ಮಾತ್ರ ಅಂತದೆ ಅಂದ್ರೆ ಪಂಪಿನ ಬಾಯಿ ಜಾಲರಿ ಕಟ್ಟಿದೆ, ಅಥವಾ ಟ್ಯಾಂಕ್ ಪಂಪಲ್ಲಿ ತಿರುಗೋ ರೆಕ್ಕೆಗೆ ನೂಲು ಸುತ್ತಿದೆ, ಅಥವಾ ಹೊರಬಾಯಿಯ ಚೆಕ್ ವಾಲ್ವ್ (ಹೋದ ನೀರು ವಾಪಸ್ ಬರದ ಹಾಗೆ ತಡೆಯೋದು) ಅಂಟ್ಕೊಂಡಿದೆ. ಬಿಚ್ಚಿ ತೊಳೆದ್ರೆ ಹೆಚ್ಚಿನವು ಸರಿ ಹೋಗ್ತವೆ. ಎಲ್ಲಾ ತೊಳೆದೂ ನೀರು ಮೇಲಕ್ಕೆ ಮಾತ್ರ ಹೋಗ್ತಿಲ್ಲ ಅಂದ್ರೆ ಎತ್ತರ ಅಳೀರಿ. ಬಾಕ್ಸ್ ಮೇಲೆ ದೊಡ್ಡದಾಗಿ ಬರೆದಿರೋ ಲೀಟರ್ ಲೆಕ್ಕ ಸೊನ್ನೆ ಎತ್ತರದ್ದು, ಏರಿಸಿದಷ್ಟೂ ಕಮ್ಮಿ ಆಗ್ತದೆ, ಬರೆದಿರೋ ಗರಿಷ್ಠ ಎತ್ತರದಲ್ಲಿ ಹೆಚ್ಚುಕಮ್ಮಿ ಏನೂ ಬರೋದಿಲ್ಲ.

ನೀರು ಹೋಗಿ ವಾಪಸ್ ಬರ್ತದೆ

ಪಂಪು ಹತ್ತು ಸೆಕೆಂಡು ಓಡ್ತದೆ, ನಿಲ್ತದೆ, ಎಸಿ ಬಂದ್ ಇದ್ರೂ ಎರಡು ನಿಮಿಷಕ್ಕೆ ಮತ್ತೆ ಓಡ್ತದೆ. ಹೊಸ ನೀರು ಬರ್ದೇ ಎಂತ ಎತ್ತಾ ಇದೆ ಇದು? ಏರು ಪೈಪಲ್ಲಿದ್ದ ಹಳೇ ನೀರೇ ಡಬ್ಬಿಗೆ ಬಿದ್ದು ಮತ್ತೆ ಮತ್ತೆ ಏರ್ತಾ ಇದೆ. ಚೆಕ್ ವಾಲ್ವಿನ ರಬ್ಬರಲ್ಲಿ ಒಂದು ಕಸದ ಚೂರು ಸಿಕ್ಕಿದ್ರೂ ಹೀಗಾಗ್ತದೆ. ಇದು ಕೂಡ್ಲೇ ಉಕ್ಕೋದಿಲ್ಲ, ಆದ್ರೆ ಹೀಗೇ ಬಿಟ್ರೆ ಮೋಟಾರು ಬಿಸಿ ಆಗಿ ಸೀದು ಹೋಗ್ತದೆ.

ಉಲ್ಟಾ ತೊಂದ್ರೇನೂ ಇದೆ: ಪೈಪಿನ ಹೊರ ತುದಿ ಪಂಪಿಗಿಂತ ತುಂಬಾ ಕೆಳಗಿದ್ರೆ ನೀರು ತಾನೇ ಎಳ್ಕೊಂಡು ಹೋಗೋಕೆ ಶುರು ಮಾಡ್ತದೆ, ಡಬ್ಬಿ ಪೂರ್ತಿ ಖಾಲಿ ಆಗಿ ಪಂಪು ಗಾಳಿ ಕುಡೀತದೆ, ಹುಕ್ಕಾ ಸೇದಿದ ಹಾಗೆ ಸದ್ದು. ಇಳಿಯೋ ಭಾಗಕ್ಕೆ ಸಣ್ಣ ಪೈಪ್ ಬದ್ಲು ದೊಡ್ಡ ಪಿವಿಸಿ ಪೈಪ್ ಹಾಕಿ, ಅದ್ರ ಬಾಯಲ್ಲಿ ಗಾಳಿ ಆಡೋ ಹಾಗೆ ಸಣ್ಣ ಪೈಪನ್ನ ಬಿಟ್ರೆ ಎಳೆತ ಕಡೀತದೆ. ಮಿನಿ ಪಂಪಿನ ಡಬ್ಬಿಗೆ ಒಂದು ಗೇಣಿನಷ್ಟು ಉಸಿರಾಡೋ ನಳಿಕೆ ಇರ್ತದೆ, ಮೇಲಕ್ಕೆ ನೆಟ್ಟಗೆ ನಿಂತಿರ್ಬೇಕು. ಪೇಂಟಿನವ್ರು "ಇದೆಂತ ಸುಮ್ನೆ" ಅಂತ ಕಿತ್ತು ಹಾಕಿದ್ದನ್ನ ನೋಡಿದ್ದೇನೆ. ಅದಿಲ್ದೆ ನೀರು ಡಬ್ಬಿಗೆ ಸರಿಯಾಗಿ ಇಳಿಯೋದೇ ಇಲ್ಲ.

ತೊಳೆಯೋದು

ಕರೆಂಟು ತೆಗೆದು ಡಬ್ಬಿ, ಫ್ಲೋಟ್, ಜಾಲರಿ ಮಾತ್ರ ಬಚ್ಚಲಿಗೆ ತನ್ನಿ, ಮೋಟಾರಿನ ಭಾಗ ನೀರಲ್ಲಿ ಮುಳುಗಿಸ್ಬೇಡಿ. ಪಾತ್ರೆ ಸೋಪು, ಹಳೇ ಹಲ್ಲುಜ್ಜೋ ಬ್ರಷ್ಷು, ಉಗುರು ಬೆಚ್ಚಗಿನ ನೀರು. ಕುದಿ ನೀರು ಹಾಕಿದ್ರೆ ಪ್ಲಾಸ್ಟಿಕ್ ಸೊಟ್ಟ ಆಗ್ತದೆ. ಆಮೇಲೆ ಬಿಳೀ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಹಾಕಿ ಅರ್ಧ ಗಂಟೆ ನೆನೆಸಿಡಿ. ಅದನ್ನೇ ಪಂಪಿಗೆ ಹಾಕಿ ಪೈಪಲ್ಲಿ ಒಂದ್ಸಲ ಓಡಿಸಿ, ಕೊನೇಲಿ ಬರೀ ನೀರು.

ಬಚ್ಚಲು ತೊಳೆಯೋ ಆಸಿಡ್ ಹತ್ರವೂ ತರ್ಬೇಡಿ, ಕಾಯಿಲಿನ ಅಲ್ಯೂಮಿನಿಯಂ ತಿಂದು ಹಾಕ್ತದೆ. ವಿನೆಗರ್ ಜೊತೆ ಬ್ಲೀಚಿಂಗ್ ಪುಡಿ ಸೇರಿಸೋದಂತೂ ಬೇಡವೇ ಬೇಡ, ಕ್ಲೋರಿನ್ ಗ್ಯಾಸ್ ಏಳ್ತದೆ, ಬಾಗಿಲು ಹಾಕಿದ ಬಚ್ಚಲಲ್ಲಿ ಜೀವಕ್ಕೇ ಕಷ್ಟ.

ನಾನು ಯುಗಾದಿ ಹೊತ್ತಿಗೆ ಒಮ್ಮೆ, ಮೇ ಶುರುವಿಗೆ ಒಮ್ಮೆ, ಮಳೆಗಾಲದಲ್ಲೂ ಎಸಿ ಡ್ರೈ ಮೋಡಲ್ಲಿ ಓಡ್ತಾ ಇದ್ರೆ ಚೌತಿ ಮುಂಚೆ ಒಮ್ಮೆ ತೊಳೀತೇನೆ. ಫಿಲ್ಟರ್ ಮಾತ್ರ ಹದಿನೈದು ದಿನಕ್ಕೊಮ್ಮೆ. ಎಸಿ ನೀರನ್ನ ಇನ್ವರ್ಟರ್ ಬ್ಯಾಟರಿಗೆ ಹಾಕ್ಬಹುದಾ ಅಂತ ಶಿರಸಿಯ ಮಾವ ಕೇಳ್ತಿರ್ತಾರೆ, ಬೇಡ, ಕಾಯಿಲಿನ ಧೂಳು ಲೋಹ ಎಲ್ಲಾ ಅದ್ರಲ್ಲಿರ್ತದೆ. ಆಯಿ ಅದನ್ನ ದಾಸವಾಳಕ್ಕೆ ಹಾಕ್ತಾರೆ, ಗಿಡ ಇನ್ನೂ ದೂರು ಕೊಟ್ಟಿಲ್ಲ.

ಯಾರೂ ಜೋಡಿಸದ ಆ ವೈರು

ಈಗ ಮೂರನೇ ಮಟ್ಟದ ವಿಷಯ. ನಿಮ್ಮ ಪಂಪಿಂದ ಕರೆಂಟಿನ ವೈರು ಬಿಟ್ಟು ಇನ್ನೂ ಎರಡೋ ಮೂರೋ ವೈರು ಹೊರಗೆ ಬಂದಿರ್ತವೆ, ಹೆಚ್ಚಿನ ಕಡೆ ಅದನ್ನ ಸುತ್ತಿ ಟೇಪ್ ಹೊಡೆದು ಹಿಂದೆ ತುರುಕಿರ್ತಾರೆ. ನಮ್ಮ ಮನೇಲಿ ಹಳೇದರಲ್ಲೂ ಹಾಗೇ, ಹೊಸದು ಹಾಕಿದವನೂ ಹಾಗೇ ಮಾಡಿದ್ದ. ಅದು ಅಲಾರಂ ಸ್ವಿಚ್ಚಿನ ವೈರು. ಜೋಡಿಸಿದ್ರೆ ನೀರು ಅಪಾಯದ ಮಟ್ಟಕ್ಕೆ ಬಂದಾಗ ಎಸಿಯ ಕಂಪ್ರೆಸರ್ (ಹೊರಗಿನ ಯೂನಿಟ್ಟಲ್ಲಿ ಗ್ಯಾಸ್ ಒತ್ತೋ ಮೋಟಾರು) ನಿಲ್ತದೆ, ಕಂಪ್ರೆಸರ್ ನಿಂತ್ರೆ ಕಾಯಿಲ್ ಬೆವರೋದು ನಿಲ್ತದೆ, ಹಾಸಿಗೆ ಒಣಗಿರ್ತದೆ. ಸೆಕೆಗೆ ಎಚ್ಚರ ಆಗ್ತದೆ, ಆದ್ರೆ ಒದ್ದೆಗೆ ಎಚ್ಚರ ಆಗೋದಕ್ಕಿಂತ ವಾಸಿ ಅಲ್ವಾ.

ಇದನ್ನ ನೀವೇ ಮಾಡ್ಬೇಡಿ. ಆ ಸ್ವಿಚ್ಚು ಎಷ್ಟು ಆಂಪಿಯರ್ ತಡೀತದೆ ಅಂತ ಲೇಬಲ್ ಮೇಲೆ ಬರೆದಿರ್ತದೆ, ಕೆಲವಕ್ಕೆ ಎಸಿಯ ಪೂರ್ತಿ ಕರೆಂಟು ತಡಿಯೋ ಶಕ್ತಿ ಇರೋದಿಲ್ಲ, ಮಧ್ಯೆ ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನ ಹಾಕಿ ತೆಗೆಯೋ ಸ್ವಿಚ್ಚು) ಬೇಕಾಗ್ತದೆ. ಇನ್ವರ್ಟರ್ ಎಸೀಲಿ ಇಂಡೋರ್ ಔಟ್‌ಡೋರ್ ಮಧ್ಯದ ಸಿಗ್ನಲ್ ವೈರನ್ನ ಕಡಿಯೋ ಕ್ರಮ ಇದೆ, ಆಗ ಎಸಿ ಎರರ್ ಕೋಡ್ ತೋರಿಸಿ ನಿಲ್ತದೆ, ಅದು ಕೆಟ್ಟಿದ್ದಲ್ಲ. ವಾರಂಟಿ ಇದ್ರೆ ಮೊದ್ಲು ಕೇಳ್ಕೊಳ್ಳಿ. ಎಲೆಕ್ಟ್ರಿಷಿಯನ್ ಬಂದಾಗಲೇ ಪಂಪನ್ನೂ ಎಸಿಯ ಎಂಸಿಬಿಗೇ ಹಾಕ್ಸಿ, ಬೇರೆ ಪ್ಲಗ್ ಬೇಡ. ಎಸಿ ಓಡೋದು ಪಂಪಿಗೆ ಮಾತ್ರ ಕರೆಂಟು ಇಲ್ದೇ ಇರೋದು ಅನ್ನೋ ಪ್ರಶ್ನೆಯೇ ಆಗ ಬರೋದಿಲ್ಲ, ಆಯಿಗೆ ಆಫ್ ಮಾಡೋಕೂ ಸಿಗೋದಿಲ್ಲ.

ಅವನು ಹೊರಡೋ ಮುಂಚೆ ಪರೀಕ್ಷೆ ಮಾಡ್ಸಿ. ಎಸಿ 20 ಡಿಗ್ರಿಗೆ ಇಟ್ಟು ಕಂಪ್ರೆಸರ್ ಓಡ್ಲಿ, ಪಂಪಿನ ಹೊರ ಪೈಪನ್ನ ಬೆರಳಲ್ಲಿ ಮಡಚಿ ಹಿಡೀರಿ, ಇನ್ನೊಬ್ರು ಸಿರಿಂಜಲ್ಲಿ ಡಬ್ಬಿಗೆ ನೀರು ಬಿಡ್ಲಿ. ಪಂಪು ಒದ್ದಾಡ್ತದೆ, ನೀರು ಏರ್ತದೆ, ಡಬ್ಬಿ ತುಂಬಿ ಚೆಲ್ಲೋ ಮುಂಚೆ ಹೊರಗಿನ ಯೂನಿಟ್ಟು ನಿಲ್ಬೇಕು. ನಮ್ಮಲ್ಲಿ ಮೊದಲ ಸಲ ನಿಲ್ಲಲೇ ಇಲ್ಲ, ವೈರು ತಪ್ಪು ಜಾಗಕ್ಕೆ ಹಾಕಿದ್ದ, ಬದಲಿಸಿದ್ಮೇಲೆ ಟಕ್ ಅಂತ ಸದ್ದು ಬಂದು ಹಿತ್ತಲ ಕಡೆ ಗಾಳಿ ಬೀಸೋದು ನಿಂತಿತು. ಬೆರಳು ಬಿಟ್ಟು ಪಂಪು ನೀರು ಖಾಲಿ ಮಾಡಿದ ಮೂರು ನಾಲ್ಕು ನಿಮಿಷಕ್ಕೆ ಎಸಿ ಮತ್ತೆ ಶುರು ಆಯ್ತು.